ಪುಷ್ಕರಕ್ಕೆ ಹೊರಟ ಆಂಧಿ

ಮಾರವಾಡದ ಕುದುರೆಯನ್ನು ಗುರುತಿಸಲು ಪಂಡಿತರೇ ಬೇಕಿಲ್ಲ. ಕಿವಿ ನೋಡಿದರೆ ಸಾಕು. ಎರಡು ಕಿವಿಗಳೂ ಒಳಮುಖವಾಗಿ ಬಾಗಿ, ತುದಿಗಳು ಒಂದನ್ನೊಂದು ಮುಟ್ಟುವಂತೆ ನಿಂತಿರುತ್ತವೆ. ಎದುರಿನಿಂದ ನೋಡಿದರೆ ಕುದುರೆಯ ತಲೆಯ ಮೇಲೆ ಯಾರೋ ಪುಟ್ಟ ಕಮಾನು ಕಟ್ಟಿದಂತೆ ಕಾಣುತ್ತದೆ. ಗುಜರಾತಿನ ಕಾಠಿಯಾವಾಡದ ಕುದುರೆಗೂ ಇಂಥದೇ ಕಿವಿ. ಎರಡೂ ಹತ್ತಿರದ ಬಂಧುಗಳು.

ಮಾರವಾಡ ಎಂದರೆ ರಾಜಸ್ಥಾನದ ಪಶ್ಚಿಮ ಭಾಗ, ಜೋಧಪುರದ ಸುತ್ತಲಿನ ಒಣನಾಡು. ಅಲ್ಲಿನ ರಾಠೋಡ ದೊರೆಗಳು ಶತಮಾನಗಳ ಕಾಲ ಈ ತಳಿಯನ್ನು ಜತನದಿಂದ ಬೆಳೆಸಿದರು. ಬಿಸಿಲಿಗೆ ಬಗ್ಗದ, ಮರಳಿನಲ್ಲಿ ಕಾಲು ಹೂತರೂ ದಣಿಯದ ಕುದುರೆ ಅವರಿಗೆ ಬೇಕಿತ್ತು. 1576ರ ಹಳದಿಘಾಟ್ ಕಾಳಗದಲ್ಲಿ ಗಾಯಗೊಂಡರೂ ಮಹಾರಾಣಾ ಪ್ರತಾಪನನ್ನು ಹೊತ್ತು ಹೊಳೆ ಹಾರಿತೆಂದು ಹೇಳುವ ಚೇತಕ್ ಕೂಡ ಇದೇ ತಳಿಯದು ಎಂಬುದು ಅಲ್ಲಿ ಬಹಳ ಜನರ ನಂಬಿಕೆ. ಹಳದಿಘಾಟಿನ ಸಮೀಪ ಚೇತಕ್‌ನ ಸಮಾಧಿ ಇದೆ, ಪ್ರವಾಸಿಗರು ಇಂದಿಗೂ ಅಲ್ಲಿ ನಿಂತು ಕೈಮುಗಿಯುತ್ತಾರೆ.

ಇಂಥ ಕುದುರೆಗೂ ಕೆಟ್ಟ ಕಾಲ ಬಂತು. ಬ್ರಿಟಿಷರ ಆಳ್ವಿಕೆಯಲ್ಲಿ ರೇಸಿನ ಕುದುರೆಗಳಿಗೆ ಬೆಲೆ ಏರಿ, ದೇಶಿ ಕುದುರೆಗಳನ್ನು ಕೇಳುವವರಿಲ್ಲವಾಯಿತು. 1952ರಲ್ಲಿ ರಾಜಸ್ಥಾನದಲ್ಲಿ ಜಾಗೀರುಗಳನ್ನು ರದ್ದುಮಾಡುವ ಕಾಯಿದೆ ಬಂದ ಮೇಲೆ ದೊಡ್ಡ ಮನೆತನಗಳ ಲಾಯಗಳು ಬರಿದಾದವು. ಯುದ್ಧಕ್ಕೆ ಬೆಳೆಸಿದ ಕುದುರೆಗಳು ಮೂಟೆ ಹೊರುವ ಕೆಲಸಕ್ಕೆ ಇಳಿದವು. ಜೋಧಪುರದ ಮಹಾರಾಜ ಉಮೇದ್ ಸಿಂಗ್ ಮತ್ತು ಅವರ ಮೊಮ್ಮಗ ಗಜಸಿಂಗ್ ಅವರಂಥ ಕೆಲವರ ಆಸಕ್ತಿಯಿಂದ, ಜತೆಗೆ ಹಳ್ಳಿಗಳಲ್ಲಿ ಹಟ ಹಿಡಿದು ಒಂದೆರಡು ಕುದುರೆ ಉಳಿಸಿಕೊಂಡ ರೈತರಿಂದ ತಳಿ ಬದುಕಿತು. 1999ರಲ್ಲಿ ದೇಶಿ ಕುದುರೆಗಳಿಗಾಗಿಯೇ ಒಂದು ಸಂಘ ಹುಟ್ಟಿತು. ಈಗ ಮಾರವಾಡದ ಕುದುರೆಗೆ ಮತ್ತೆ ಮರ್ಯಾದೆ ಬಂದಿದೆ.

ಹಾಗೆ ಹಟ ಹಿಡಿದ ಮನೆಯೊಂದರಲ್ಲಿ ನಾನು ಕೆಲವು ವಾರ ಉಳಿದಿದ್ದೆ. ಆ ಮನೆ ಇರುವುದು ಮೀರಾಬಾಯಿ ಬೆಳೆದ ಮೇಡ್ತಾ ಪಟ್ಟಣದಿಂದ ಸ್ವಲ್ಪ ದೂರದಲ್ಲಿ. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಮಾರ್ಗವಾಗಿ ಅಜ್ಮೇರಿಗೆ ನೇರ ರೈಲಿದೆ. ವಿಜಯದಶಮಿ ಮುಗಿದ ವಾರ ನಾನು ಆ ರೈಲು ಹತ್ತಿದೆ. ಅಜ್ಮೇರಿನಿಂದ ಬಸ್ಸು, ಆಮೇಲೆ ಜೀಪು, ಕೊನೆಗೆ ಮರಳಿನ ದಾರಿಯಲ್ಲಿ ನಡಿಗೆ. ಹೊಲದ ನಡುವೆ ನಾಲ್ಕಾರು ಮನೆಗಳ ಇಂಥ ಗುಂಪಿಗೆ ಅಲ್ಲಿ ಢಾಣಿ ಎನ್ನುತ್ತಾರೆ.

ಅಷ್ಟು ದೂರ ಹೋದರೂ ನಮ್ಮದೆನ್ನಿಸುವ ಎರಡು ವಸ್ತು ಸಿಕ್ಕವು. ಒಂದು, ಸಜ್ಜೆ ರೊಟ್ಟಿ. ನಮ್ಮ ಉತ್ತರ ಕರ್ನಾಟಕದಂತೆ ಅಲ್ಲೂ ಅದೇ ದಿನದ ಊಟ. ಇನ್ನೊಂದು, ಹೊಲದ ತುಂಬ ನಿಂತಿದ್ದ ಖೇಜಡಿ ಮರ. ಹತ್ತಿರ ಹೋಗಿ ಎಲೆ ನೋಡಿದರೆ ಅದು ನಮ್ಮ ಬನ್ನಿ! ಹಿಂದಿನ ವಾರವಷ್ಟೇ ನಾವು ಬಂಗಾರವೆಂದು ಹಂಚಿಕೊಂಡ ಎಲೆ. ಅಲ್ಲಿ ಅದರ ಕಾಯಿಯನ್ನು ಒಣಗಿಸಿ ಪಲ್ಯ ಮಾಡುತ್ತಾರೆ, ಸೊಪ್ಪು ಆಡು ಒಂಟೆಗಳ ಪಾಲಿಗೆ.

ಆ ಕಡೆ ಅಜ್ಜನನ್ನು ‘ದಾದೋಸಾ’ ಎಂದೂ ಮನೆಮಗಳನ್ನು ‘ಬಾಯಿಸಾ’ ಎಂದೂ ಕರೆಯುವುದು ವಾಡಿಕೆ. ಮನೆಯ ಯಜಮಾನ ದಾದೋಸಾಗೆ ಎಪ್ಪತ್ತು ದಾಟಿತ್ತು. ಮೊಮ್ಮಗಳು ಬಾಯಿಸಾ ಒಂಬತ್ತನೆಯ ತರಗತಿ. ನಾನು ಹೋದ ದಿನವೇ ಅವಳು ನನ್ನನ್ನು ಮಾಸೀಸಾ, ಎಂದರೆ ಚಿಕ್ಕಮ್ಮ, ಎಂದು ಕರೆಯಲು ಶುರುಮಾಡಿದಳು. ಮೂರನೆಯವಳು ಆಂಧಿ. ಆಂಧಿ ಎಂದರೆ ಧೂಳಿನ ಬಿರುಗಾಳಿ. ಮೂರು ವರ್ಷದ ಹೆಣ್ಣು ಕುದುರೆ, ಕೆಂಗಂದು ಮೈ, ಕಪ್ಪು ಜೂಲು, ಕಪ್ಪು ಬಾಲ. ಆ ಬಣ್ಣಕ್ಕೆ ಅಲ್ಲಿ ಕುಮೈತ್ ಎನ್ನುತ್ತಾರೆ. ನಮ್ಮ ಹಿರಿಯರು ಉತ್ತಮ ಜಾತಿಯ ಚುರುಕು ಕುದುರೆಗೆ ‘ತೇಜಿ’ ಎನ್ನುತ್ತಿದ್ದರಲ್ಲ, ಆಂಧಿಯನ್ನು ನೋಡಿದಾಗ ಆ ಮಾತು ನೆನಪಾಯಿತು. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗಾಳಿಗೆ ಒಂದು ಕಾಗದ ಹಾರಿದರೂ ನಾಲ್ಕೂ ಕಾಲು ನೆಲ ಬಿಡುತ್ತಿದ್ದವು.

ದಾದೋಸಾ ಅದನ್ನು ಮಾಘ ಮಾಸದ ನಾಗೌರ್ ಜಾತ್ರೆಯಲ್ಲಿ ಕೊಂಡಿದ್ದರು. ಮೊದಲಿದ್ದ ಯಜಮಾನ ಅದನ್ನು ಮದುವೆ ಮೆರವಣಿಗೆಯಲ್ಲಿ ಕುಣಿಸಲು ಪಳಗಿಸಲು ಹೊರಟಿದ್ದನಂತೆ. ಎಳೆಯ ಕುದುರೆ ಹಟ ಮಾಡಿದಾಗಲೆಲ್ಲ ಕಿವಿ ಹಿಡಿದು ತಿರುಚಿ ನಿಲ್ಲಿಸುತ್ತಿದ್ದನಂತೆ. ಕೊಂಡು ತಂದಾಗ ಆಂಧಿ ತನ್ನ ತಲೆಯ ಹತ್ತಿರ ಯಾರ ಕೈಯನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ. ಕಡಿವಾಣ ಹಾಕಬೇಕಾದರೆ ಕಿವಿಯ ಮೇಲಿಂದಲೇ ದಾಟಿಸಬೇಕಲ್ಲ? ಕೈ ಮೇಲೆತ್ತಿದರೆ ಸಾಕು, ಮುಂಗಾಲೆತ್ತಿ ನಿಂತುಬಿಡುತ್ತಿತ್ತು.

“ಮುಖ ಮುಟ್ಟಿಸಿಕೊಳ್ಳದ ಕುದುರೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದು, ಬೆಹನ್‌ಜೀ,” ಎಂದರು ದಾದೋಸಾ. “ನಾಳೆ ಹೊಟ್ಟೆನೋವು ಬಂದರೆ ಡಾಕ್ಟರು ಔಷಧ ಕುಡಿಸುವುದು ಹೇಗೆ? ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆನೋವು ಬಂತೆಂದರೆ ಪ್ರಾಣಕ್ಕೇ ಬಂತು.”

ಅದಕ್ಕೇ ಅವರೊಂದು ಗಡುವು ಹಾಕಿದ್ದರು. ಕಾರ್ತಿಕದ ಪುಷ್ಕರ ಜಾತ್ರೆಯಲ್ಲಿ ಎಳೆಯ ಕುದುರೆಗಳ ಸ್ಪರ್ಧೆ ಇರುತ್ತದೆ. ಅಲ್ಲಿ ತೀರ್ಪುಗಾರರು ಬಾಯಿ ತೆರೆದು ಹಲ್ಲು ನೋಡುತ್ತಾರೆ, ಕಿವಿ ನೋಡುತ್ತಾರೆ, ಮೈಮೇಲಿನ ಸುಳಿ ನೋಡುತ್ತಾರೆ. ಅಪರಿಚಿತರ ಕೈಗೆ ಆಂಧಿ ತಲೆ ಕೊಟ್ಟು ನಿಂತರೆ ಮನೆಗೆ ವಾಪಸು, ಮುಂದೆ ಮರಿ ಹಾಕುವ ತಾಯಿ. ನಿಲ್ಲದಿದ್ದರೆ ಜಾತ್ರೆಯಲ್ಲೇ ಮಾರಾಟ. ಹೊಟ್ಟಿನ ಬೆಲೆ ಏರಿತ್ತು, ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಉಪಯೋಗಕ್ಕೆ ಬಾರದ ಕುದುರೆಯನ್ನು ಸಾಕುವಷ್ಟು ಅನುಕೂಲ ಆ ಮನೆಗಿರಲಿಲ್ಲ. ಮಾರಿದರೆ ಅದು ಮತ್ತೆ ಎಂಥವರ ಕೈಗೆ ಸೇರುತ್ತದೆಂದು ಬಾಯಿಸಾಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೋಗುವ ಹೊತ್ತಿಗೆ ಅವಳು ಎಂಟು ತಿಂಗಳ ಕೆಲಸ ಮುಗಿಸಿದ್ದಳು. ಆ ಕೆಲಸ ಶುರುವಾದದ್ದು ಹೇಗೆ ಗೊತ್ತೇ? ಲಾಯದ ಮೂಲೆಯಲ್ಲಿ ಕುದುರೆಗೆ ಬೆನ್ನು ತಿರುಗಿಸಿ ಕೂತು ಶಾಲೆಯ ಪಾಠ ಗಟ್ಟಿಯಾಗಿ ಓದುವುದರಿಂದ! ಹದಿನೈದು ದಿನ ಅಷ್ಟೇ. ಮುಟ್ಟಲಿಲ್ಲ, ಕರೆಯಲಿಲ್ಲ, ತಿನ್ನಲು ಕೊಟ್ಟು ಪುಸಲಾಯಿಸಲೂ ಇಲ್ಲ. “ಇತಿಹಾಸ ಪಾಠ ಮುಗಿಯುವ ಹೊತ್ತಿಗೆ ಅವಳೇ ಬಂದು ನನ್ನ ಜಡೆ ಮೂಸಿದಳು, ಮಾಸೀಸಾ,” ಎಂದಳು ಬಾಯಿಸಾ.

ಇದರ ಹಿಂದೆ ಒಂದು ಸರಳ ಸಂಗತಿ ಇದೆ. ಹುಲಿ, ತೋಳಗಳ ಬಾಯಿಂದ ಓಡಿ ಬದುಕಿದ ವಂಶ ಕುದುರೆಯದು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇವೆ. ಹಾಗಾಗಿ ತಲೆ ತಿರುಗಿಸದೆಯೇ ಸುತ್ತಲಿನದನ್ನೆಲ್ಲ ಹೆಚ್ಚುಕಡಿಮೆ ನೋಡಬಲ್ಲದು. ಕಾಣದ ಜಾಗ ಮುಖ್ಯವಾಗಿ ಎರಡೇ. ಒಂದು ಬಾಲದ ನೇರ ಹಿಂದೆ, ಇನ್ನೊಂದು ಹಣೆಯ ನೇರ ಮುಂದೆ, ಹತ್ತಿರದಲ್ಲಿ. ನಾವು ಪ್ರೀತಿಯಿಂದಲೇ ಹಣೆ ಸವರಲು ಎದುರಿನಿಂದ ಕೈಚಾಚುತ್ತೇವೆ. ಆ ಕೈ ಹತ್ತಿರ ಬರುತ್ತಲೇ ಕುದುರೆಯ ಕಣ್ಣಿಗೆ ಮಾಯವಾಗುತ್ತದೆ. ಕಿವಿ ತಿರುಚಿಸಿಕೊಂಡ ಕುದುರೆಗೆ ಅದಕ್ಕಿಂತ ಭಯ ಬೇರೆ ಯಾವುದು?

ಆದ್ದರಿಂದ ಬಾಯಿಸಾ ಪಕ್ಕದಿಂದ, ಹೆಗಲಿನ ಕಡೆಯಿಂದ ಬರುತ್ತಿದ್ದಳು. ಕತ್ತು ಬೆನ್ನಿಗೆ ಸೇರುವಲ್ಲಿ ಒಂದು ಉಬ್ಬಿರುತ್ತದೆ. ಸ್ನೇಹವಾದ ಎರಡು ಕುದುರೆಗಳು ಎದುರುಬದುರಾಗಿ ನಿಂತು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ನಿಧಾನವಾಗುತ್ತದೆ ಎಂಬುದನ್ನು ವಿಜ್ಞಾನಿಗಳೂ ಅಳೆದು ನೋಡಿದ್ದಾರೆ. ಬಾಯಿಸಾ ಬೆರಳಿನಿಂದ ಅಲ್ಲೇ ಕೆರೆಯುತ್ತಿದ್ದಳು. ಆಂಧಿಯ ಕೆಳದುಟಿ ಸಡಿಲವಾಗಿ ಜೋಲುತ್ತಿತ್ತು. ಆಗ ಕೈ ಒಂದು ಅಂಗುಲ ಮುಂದೆ, ಕತ್ತಿನ ಕಡೆಗೆ. ಆಂಧಿ ಅಲುಗದೆ ನಿಂತರೆ ಕೈ ತಕ್ಷಣ ದೂರ.

“ಅಲ್ಲ, ಚೆನ್ನಾಗಿ ನಿಂತಾಗಲೇ ಕೈ ತೆಗೆಯುತ್ತೀಯಲ್ಲ?” ಎಂದು ಕೇಳಿದೆ.

“ಅದೇ ಅವಳಿಗೆ ಬಹುಮಾನ,” ಎಂದಳು. “ನಾನು ಸುಮ್ಮನೆ ನಿಂತರೆ ಈ ಕೈ ಹೋಗುತ್ತದೆ ಅಂತ ಅವಳಿಗೆ ಗೊತ್ತಾಗಬೇಕು. ಒದ್ದಾಡಿದಾಗ ತೆಗೆದರೆ ಒದ್ದಾಡುವುದನ್ನೇ ಕಲಿಯುತ್ತಾಳೆ.”

ಹೀಗೆ ಅಂಗುಲ ಅಂಗುಲವಾಗಿ ಹೆಗಲಿನಿಂದ ಕತ್ತು, ಕತ್ತಿನಿಂದ ಕೆನ್ನೆ. ದಸರೆಯ ಹೊತ್ತಿಗೆ ಕಿವಿಯ ಬುಡ. ಕಿವಿಗೆ ಮೊದಲು ಬೆರಳಲ್ಲ, ಹಳೆಯ ಓಢಣಿಯ ಮೆತ್ತನೆಯ ತುದಿ. ಬೆರಳಿನ ಹಿಡಿತವನ್ನು ಆಂಧಿ ಮರೆತಿರಲಿಲ್ಲ, ಬಟ್ಟೆಯ ಬಗ್ಗೆ ಅದಕ್ಕೆ ದೂರಿರಲಿಲ್ಲ. ಬಾಯಿಯ ಪಾಠವೂ ಹಾಗೆಯೇ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ, ಕಡಿವಾಣದ ಕಬ್ಬಿಣ ಕೂರುವುದು ಅಲ್ಲೇ. ಬೆಲ್ಲದ ನೀರು ಹಚ್ಚಿದ ಬೆರಳನ್ನು ತುಟಿಯ ಅಂಚಿನಿಂದ ಅಲ್ಲಿಗೆ ಜಾರಿಸಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು.

ದೀಪಾವಳಿಯ ಹಿಂದಿನ ದಿನ ಬಾಯಿಸಾ ಎರಡೂ ಕಿವಿಗಳನ್ನು ಅಂಗೈಯಲ್ಲಿ ಹಿಡಿದು ಕಡಿವಾಣ ದಾಟಿಸಿದಳು. ದಾದೋಸಾ ಹಗ್ಗದ ಮಂಚದ ಮೇಲಿಂದ ಏಳಲಿಲ್ಲ, ಮಾತಾಡಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇನ್ನು ತಮ್ಮಿಂದ ಕೆಲಸವಿದೆ, ಬೆಹನ್‌ಜೀ. ತಾವು ಹೊರಗಿನವರು. ತೀರ್ಪುಗಾರರೂ ಹೊರಗಿನವರೇ,” ಎಂದರು.

ಹೀಗೆ ನನಗೂ ಒಂದು ಉದ್ಯೋಗ ಸಿಕ್ಕಿತು. ಬೆಳಿಗ್ಗೆ ಸಂಜೆ ನಾನು ತೀರ್ಪುಗಾರಳ ವೇಷ. ಮೊದಲ ದಿನ ಹತ್ತು ಹೆಜ್ಜೆ ದೂರ ನಿಂತು ಬಂದೆ. ಎರಡನೆಯ ದಿನ ಹೆಗಲ ಉಬ್ಬು ಮುಟ್ಟಿ ಬಂದೆ. ಆಂಧಿಯ ಮೈ ಬಿಸಿಯಾಗಿ, ಬಿಗಿಯಾಗಿ, ತಂಬೂರಿಯ ತಂತಿಯಂತೆ ನಡುಗುತ್ತಿತ್ತು. ಆರನೆಯ ದಿನ ಅದು ತನ್ನ ಮೂಗನ್ನು ನನ್ನ ಕುತ್ತಿಗೆಯ ಹತ್ತಿರ ತಂದು ದೀರ್ಘವಾಗಿ ಉಸಿರು ಬಿಟ್ಟಿತು. ಎಂಟನೆಯ ದಿನ ನಾನು ಅದರ ತುಟಿ ಬಿಡಿಸಿ ಹಲ್ಲು ನೋಡಿದೆ. ಈ ಹಲ್ಲಿನ ಲೆಕ್ಕ ಮಕ್ಕಳಿಗೆ ಇಷ್ಟವಾದೀತು. ಕುದುರೆಗೂ ನಮ್ಮಂತೆ ಹಾಲುಹಲ್ಲು ಬೀಳುತ್ತವೆ. ಎರಡೂವರೆ ವರ್ಷದ ಸುಮಾರಿಗೆ ನಡುವಿನ ಜೋಡಿ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು ಬದಲಾಗುತ್ತದೆ. ಐದಕ್ಕೆ ಬಾಯಿ ಭರ್ತಿ. ಆಂಧಿಗೆ ನಡುವಿನ ಜೋಡಿ ಮಾತ್ರ ಬಂದಿತ್ತು. ಇಂಥವನ್ನು ‘ದೋ ದಾಂತ್’, ಎಂದರೆ ಎರಡು ಹಲ್ಲಿನವು, ಎನ್ನುತ್ತಾರೆ. ಸ್ಪರ್ಧೆಯ ವರ್ಗವೂ ಅದೇ.

ಮೇಡ್ತಾ ಕಡೆಯಿಂದ ಪುಷ್ಕರ 60 ಕಿ.ಮೀ. ಆಸುಪಾಸು. ಆಂಧಿಯನ್ನು ಮರಳು ಹಾಸಿದ ಪಿಕಪ್ ವ್ಯಾನಿನಲ್ಲಿ ನಿಲ್ಲಿಸಿ, ಬಾಯಿಸಾ ಪಕ್ಕದಲ್ಲೇ ನಿಂತು ಅದೇ ಇತಿಹಾಸ ಪಾಠ ಓದುತ್ತ ಬಂದಳು. ಅಷ್ಟು ಹೊತ್ತಿಗೆ ಅಕ್ಬರ್, ಪ್ರತಾಪರ ಕಥೆ ಆಂಧಿಗೆ ಬಾಯಿಪಾಠವಾಗಿದ್ದಿರಬೇಕು.

ಪುಷ್ಕರ ಇರುವುದು ಅಜ್ಮೇರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿ. ನಡುವೆ ಅಡ್ಡ ಮಲಗಿದ ನಾಗಪಹಾಡ್ ಬೆಟ್ಟ. ಬೆಟ್ಟ ಇಳಿದರೆ 52 ಘಟ್ಟಗಳು ಸುತ್ತುವರಿದ ಸರೋವರ, ಕೆಂಪು ಶಿಖರದ ಬ್ರಹ್ಮನ ಗುಡಿ. ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗೆ ಪುಣ್ಯಸ್ನಾನದ ದಿನಗಳು. ದನದ ಜಾತ್ರೆ ಅದಕ್ಕಿಂತ ಮೊದಲೇ ಊರಾಚೆಯ ಮರಳ ದಿಬ್ಬಗಳಲ್ಲಿ ನೆರೆಯುತ್ತದೆ. ಒಂಟೆಗಳ ಸಾಲು, ಸಗಣಿ ಬೆಂಕಿಯ ಹೊಗೆ, ಬಣ್ಣದ ರುಮಾಲು, ದೈತ್ಯ ತೊಟ್ಟಿಲು, ಎಲ್ಲದರ ಮೇಲೂ ಧ್ವನಿವರ್ಧಕದ ಗದ್ದಲ. ಒಂದು ಕಡೆ ಢೋಲಿನ ತಾಳಕ್ಕೆ ಕಾಲ್ಗೆಜ್ಜೆ ಕಟ್ಟಿದ ಕುದುರೆಗಳು ಕುಣಿಯುತ್ತಿದ್ದವು. ಇನ್ನೊಂದು ಕಡೆ ಸವಾರನೊಬ್ಬ ‘ರೇವಾಲ್’ ನಡಿಗೆ ತೋರಿಸುತ್ತಿದ್ದ. ಒಂದು ಪಕ್ಕದ ಎರಡು ಕಾಲು, ಮತ್ತೆ ಇನ್ನೊಂದು ಪಕ್ಕದ ಎರಡು ಕಾಲು ಇಡುತ್ತ ಹೋಗುವ ಈ ನಡಿಗೆಯಲ್ಲಿ ಸವಾರನ ಮೈ ಕುಲುಕುವುದೇ ಇಲ್ಲ. ಮಾರವಾಡದ ಅನೇಕ ಕುದುರೆಗಳಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ.

ಸುಳಿ ನೋಡುವ ಜಾಣರೂ ಅಲ್ಲಿ ಬಹಳ. ನಮ್ಮಲ್ಲಿ ಎತ್ತು ಕೊಳ್ಳುವವರು ಸುಳಿ ನೋಡುವಂತೆಯೇ. ಕತ್ತಿನ ಉದ್ದಕ್ಕೂ ಇಳಿದ ಸುಳಿ ‘ದೇವಮಣಿ’, ಅದೃಷ್ಟದ್ದು. ಕಣ್ಣಿನ ಕೆಳಗಿನದು ಬೇಡ. ನಾಲ್ಕು ಕಾಲೂ ಬೆಳ್ಳಗೆ, ಮುಖದಲ್ಲಿ ಬಿಳಿ ನಾಮ ಇದ್ದರೆ ಪಂಚಕಲ್ಯಾಣಿ. ಈ ಹೆಸರನ್ನು ನಮ್ಮ ಅಜ್ಜಂದಿರೂ ಬಲ್ಲರು. ಆಂಧಿಗೆ ಎರಡು ಹಿಂಗಾಲು ಮಾತ್ರ ಬಿಳಿ. ನೋಡಿದ ವ್ಯಾಪಾರಿಯೊಬ್ಬ ದಾದೋಸಾ ಕೈಯನ್ನು ಬಟ್ಟೆಯ ಕೆಳಗೆ ಹಿಡಿದು ಬೆರಳಲ್ಲೇ ಬೆಲೆ ಹೇಳಿದ. “ನಾಳೆ ಸಂಜೆ ಹೇಳುತ್ತೇನೆ,” ಎಂದರು ದಾದೋಸಾ. ಬಾಯಿಸಾ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಎರಡು ಹಲ್ಲಿನ ಹೆಣ್ಣು ಕುದುರೆಗಳ ಸರದಿ. ಹಗ್ಗ ಹಿಡಿದವರಲ್ಲಿ ಹುಡುಗಿ ಇವಳೊಬ್ಬಳೇ. ಜನ ಆ ಕಡೆ ಈ ಕಡೆ ಒತ್ತಿ ನಿಂತಿದ್ದರು. ನಡಿಗೆ, ಓಟ ಎರಡೂ ಮುಗಿದವು. ಆಂಧಿ ಬಾಲವೆತ್ತಿ ಓಡಿದ ಚೆಂದಕ್ಕೆ ಕೆಲವರು ಶಿಳ್ಳೆ ಹಾಕಿದರು. ಆಮೇಲೆ ಸಾಲಾಗಿ ನಿಲ್ಲಿಸಿ ಪರೀಕ್ಷೆ. ಬಿಳಿ ಗಡ್ಡದ ತೀರ್ಪುಗಾರರು ಆಂಧಿಯ ಮುಂದೆ ಬಂದು ಕೈ ಎತ್ತಿದರು. ಅದೇ ಗಳಿಗೆಗೆ ಧ್ವನಿವರ್ಧಕ ಕೀರಲು ದನಿಯಲ್ಲಿ ಅರಚಿತು.

ಆಂಧಿಯ ತಲೆ ಆಕಾಶಕ್ಕೆ ಹೋಯಿತು. ಕಣ್ಣಿನ ಬಿಳಿ ಕಂಡಿತು. ಪಕ್ಕದ ಕುದುರೆಯವನು ತನ್ನದನ್ನು ಎಳೆದುಕೊಂಡು ಹಿಂದೆ ಸರಿದ. ಬಾಯಿಸಾ ಮಾತ್ರ ಹಗ್ಗ ಎಳೆಯಲಿಲ್ಲ, ಇನ್ನಷ್ಟು ಸಡಿಲ ಬಿಟ್ಟಳು. ಹೆಗಲಿನ ಪಕ್ಕಕ್ಕೆ ಸರಿದು ಆ ಉಬ್ಬಿನ ಮೇಲೆ ಬೆರಳಾಡಿಸುತ್ತ ಏನೋ ಗುಣುಗುಣು ಹೇಳುತ್ತಿದ್ದಳು. ಇತಿಹಾಸ ಪಾಠವೇ ಇರಬೇಕು. ತೀರ್ಪುಗಾರರಿಗೂ ಕುದುರೆ ಗೊತ್ತಿತ್ತು. ಎತ್ತಿದ ಕೈ ಇಳಿಸಿ, ಮುಖ ಪಕ್ಕಕ್ಕೆ ತಿರುಗಿಸಿ ಸುಮ್ಮನೆ ನಿಂತರು. ಅರ್ಧ ನಿಮಿಷವೋ ಒಂದು ನಿಮಿಷವೋ, ನನಗಂತೂ ಬಹಳ ಹೊತ್ತೆನಿಸಿತು. ಆಂಧಿ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು, ತಲೆಯನ್ನು ತಾನಾಗಿಯೇ ಕೆಳಗಿಳಿಸಿತು. ಅವರು ಪಕ್ಕದಿಂದ ಬಂದು ತುಟಿ ಬಿಡಿಸಿದರು, ಹಲ್ಲು ನೋಡಿದರು. ಆಮೇಲೆ ಒಂದು ಕಿವಿ, ಇನ್ನೊಂದು ಕಿವಿ. ಆಂಧಿ ನಡುಗುತ್ತಿತ್ತು, ಆದರೆ ಕಾಲು ಕೀಳಲಿಲ್ಲ.

ಬಹುಮಾನಕ್ಕೆ ಕರೆದ ಮೂರು ಕುದುರೆಗಳಲ್ಲಿ ಆಂಧಿ ಇರಲಿಲ್ಲ. ಕತ್ತು ಇನ್ನೂ ತುಂಬಿಕೊಳ್ಳಬೇಕು, ಮುಂದಿನ ವರ್ಷ ಕರೆತನ್ನಿ ಎಂದರಂತೆ. ಬಾಯಿಸಾ ಕುದುರೆಯನ್ನು ಹೊರಗೆ ತಂದು ದಾದೋಸಾ ಮುಂದೆ ನಿಲ್ಲಿಸಿ ಏನೂ ಕೇಳದೆ ನಿಂತಳು. ಸಂಜೆಯಾಗಲು ಹೊತ್ತಿತ್ತು, ವ್ಯಾಪಾರಿ ಆಗಲೇ ಬಂದಾಗಿತ್ತು. ದಾದೋಸಾ ಅವನಿಗೆ ಕೈಮುಗಿದು, “ಇವಳು ನಮ್ಮ ಮನೆಯವಳು,” ಎಂದರು. ಅವನು ಬೆಲೆ ಏರಿಸಿದ. ಅವರು ಮತ್ತೊಮ್ಮೆ ಕೈಮುಗಿದರು. ಬಾಯಿಸಾ ಆಂಧಿಯ ಜೂಲಿನಲ್ಲಿ ಮುಖ ಹುದುಗಿಸಿಕೊಂಡಳು.

ಹುಣ್ಣಿಮೆಯ ಹೊತ್ತಿಗೆ ದಿಬ್ಬಗಳು ಖಾಲಿಯಾಗುತ್ತ ಬಂದವು. ಅವರು ಮೇಡ್ತಾ ಕಡೆ ಹೊರಟರು, ನಾನು ಸರೋವರದಲ್ಲಿ ಮಿಂದು ಅಜ್ಮೇರಿನ ರೈಲು ಹಿಡಿದೆ. ಹೊರಡುವ ಮುನ್ನ ಬಾಯಿಸಾ ಒಂದು ಮಾತು ಹೇಳಿದ್ದಳು. ಅದನ್ನು ನಮ್ಮ ಮಕ್ಕಳಿಗೂ ಹೇಳಬೇಕೆನಿಸಿತು. ಮೈಸೂರಿನ ಟಾಂಗಾ ಕುದುರೆಯೇ ಇರಲಿ, ಊರ ಜಾತ್ರೆಯ ಕುದುರೆಯೇ ಇರಲಿ, ಮುಟ್ಟಬೇಕೆನಿಸಿದರೆ ಮೊದಲು ಯಜಮಾನರನ್ನು ಕೇಳಿ. ಹಿಂದಿನಿಂದಲೂ ಬೇಡ, ಮೂಗಿನ ನೇರಕ್ಕೂ ಬೇಡ, ಹೆಗಲಿನ ಪಕ್ಕದಿಂದ ಮೆಲ್ಲನೆ ಮಾತಾಡುತ್ತ ಹೋಗಿ. ಹೆಗಲ ಉಬ್ಬನ್ನು ಬೆರಳಿನಿಂದ ಕೆರೆಯಿರಿ. ಕಿವಿ ಹಿಂದಕ್ಕೆ ಒರಗಿದರೆ ಸರಿದು ನಿಲ್ಲಿ. ಕೆಳದುಟಿ ಜೋಲಿದರೆ ನಿಮ್ಮ ಕೈ ಅದಕ್ಕೆ ಹಿಡಿಸಿತು ಎಂದರ್ಥ. ಆಗ ಇನ್ನೂ ಸ್ವಲ್ಪ ಹೊತ್ತು ಕೆರೆಯಬಹುದು.